ಹಳೆಯ ವಾಹನಗಳ ಸ್ಟಾರ್ಟರ್ ಮೋಟಾರಿನ ವೋಲ್ಟೇಜ್ ಪರಿವರ್ತನೆ

ಸ್ಟಾರ್ಟರ್ ಮೋಟಾರಿನ ವೋಲ್ಟೇಜ್ ಪರಿವರ್ತನೆ ಎಂದರೆ ೬ ವೋಲ್ಟ್ ವಿದ್ಯುತ್ ವ್ಯವಸ್ಥೆಯೊಡನೆ ತಯಾರಾದ ಹಳೆಯ ಕಾರು, ಜೀಪು ಅಥವಾ ಟ್ರ್ಯಾಕ್ಟರಿನ ಎಂಜಿನ್ನನ್ನು ಚಾಲೂ ಮಾಡುವ ಮೋಟಾರನ್ನು ೧೨ ವೋಲ್ಟ್ ಬ್ಯಾಟರಿಗೆ ಹೊಂದುವಂತೆ ಮಾರ್ಪಡಿಸುವುದು. ವಾಹನದ ಇಡೀ ವ್ಯವಸ್ಥೆಯನ್ನು ೧೨ ವೋಲ್ಟಿಗೆ ಏರಿಸುವಾಗ ಬಲ್ಬು, ಇಗ್ನಿಷನ್ ಕಾಯಿಲ್, ಡೈನಮೊ, ರೆಗ್ಯುಲೇಟರ್ ಮುಂತಾದವುಗಳತ್ತ ಗಮನ ಹರಿಸದೆ ಗತ್ಯಂತರವಿಲ್ಲ. ಇಲ್ಲವಾದರೆ ಅವು ಸುಡುತ್ತವೆ ಅಥವಾ ಕೆಲಸ ಮಾಡುವುದಿಲ್ಲ. ಸ್ಟಾರ್ಟರ್ ಮೋಟಾರು ಮಾತ್ರ ಏನೂ ಮಾಡದಿದ್ದರೂ ತಿರುಗುತ್ತದೆ, ಮೊದಲಿಗಿಂತ ಚುರುಕಾಗಿಯೇ ತಿರುಗುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಬಿಡುವ ರೂಢಿ ಎಲ್ಲೆಡೆ ಇದೆ. ಈ ರೂಢಿಯಿಂದ ಮೊದಲು ಹಾನಿಗೊಳಗಾಗುವುದು ಹಲವು ವೇಳೆ ಮೋಟಾರಲ್ಲ, ಅದು ತಿರುಗಿಸುವ ಫ್ಲೈವೀಲಿನ ಹಲ್ಲುಗಳು.

ಹಿನ್ನೆಲೆ

ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುತ್ತಿದ್ದ ಕಾಲದಲ್ಲಿ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುವ ಅಪಾಯ ಸದಾ ಇತ್ತು. ಅಮೆರಿಕದ ಚಾರ್ಲ್ಸ್ ಎಫ್. ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು. ಆ ವ್ಯವಸ್ಥೆಯಲ್ಲಿ ದೀಪಗಳಿಗೆ ೬ ವೋಲ್ಟ್ ಸಾಕಾಗಿದ್ದರೂ ಎಂಜಿನ್ ತಿರುಗಿಸುವಾಗ ೨೪ ವೋಲ್ಟ್ ಒದಗುತ್ತಿತ್ತು. ಹೆಚ್ಚಿನ ವೋಲ್ಟೇಜು ಸ್ಟಾರ್ಟರಿಗೆ ಅನುಕೂಲ ಎಂಬುದು ಹೀಗೆ ಆರಂಭದಲ್ಲಿಯೇ ತಿಳಿದಿತ್ತು. ಮುಂದೆ ಸರಳತೆ ಮತ್ತು ಅಗ್ಗದ ಬೆಲೆಗಾಗಿ ಮೂರು ಕೋಶಗಳ ೬ ವೋಲ್ಟ್ ಬ್ಯಾಟರಿಯೇ ಅಮೆರಿಕದಲ್ಲಿ ರೂಢಿಗೆ ಬಂತು. ೧೯೫೦ರ ದಶಕದಲ್ಲಿ ಅಧಿಕ ಸಂಪೀಡನದ ವಿ೮ ಎಂಜಿನುಗಳನ್ನು ತಿರುಗಿಸಲು ಅದು ಸಾಲದಾದಾಗ ಅಲ್ಲಿನ ಕಾರುಗಳು ಒಂದೊಂದಾಗಿ ೧೨ ವೋಲ್ಟಿಗೆ ಹೊರಳಿದವು. ಷೆವ್ರೊಲೆ ೧೯೫೫ರ ಮಾದರಿಯಲ್ಲಿ, ಫೋರ್ಡ್ ೧೯೫೬ರ ಮಾದರಿಯಲ್ಲಿ. ಅಮೆರಿಕಕ್ಕೆ ಹೋಗುತ್ತಿದ್ದ ಫೋಕ್ಸ್‌ವ್ಯಾಗನ್ ಬೀಟಲ್ ೧೯೬೭ರ ಮಾದರಿಯವರೆಗೆ ಕಾಯಿತು.

ಬ್ರಿಟನ್ನಿನಲ್ಲಿ ೧೨ ವೋಲ್ಟ್ ಮೊದಲೇ ನೆಲೆಗೊಂಡಿತ್ತು. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡ ಅಂಬಾಸಡರಿಗೆ ಈ ಸಮಸ್ಯೆ ಬಾರದಿರಲು ಅದೇ ಕಾರಣ. ಭಾರತದಲ್ಲಿ ಈ ಪರಿವರ್ತನೆಯ ಪ್ರಶ್ನೆ ಏಳುವುದು ಹಳೆಯ ಅಮೆರಿಕನ್ ಕಾರುಗಳಲ್ಲಿ ಮತ್ತು ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯು ಜೀಪುಗಳಲ್ಲಿ. ಇವೆರಡೂ ಜೀಪುಗಳು ೬ ವೋಲ್ಟಿನವು.

ಪರಿವರ್ತನೆಗೆ ಮುನ್ನ

ಎಂಜಿನ್ ನಿಧಾನವಾಗಿ ತಿರುಗುತ್ತದೆ ಎಂಬ ಒಂದೇ ಕಾರಣಕ್ಕೆ ೧೨ ವೋಲ್ಟಿಗೆ ಹೋಗುವವರು ಬಹಳ. ಆದರೆ ಸುಸ್ಥಿತಿಯಲ್ಲಿರುವ ೬ ವೋಲ್ಟ್ ವ್ಯವಸ್ಥೆ ತನ್ನ ಎಂಜಿನ್ನನ್ನು ಚೆನ್ನಾಗಿಯೇ ತಿರುಗಿಸುತ್ತದೆ. ಈ ವಾಹನಗಳು ಹೊಸದಾಗಿದ್ದಾಗ ಹಿಮ ಬೀಳುವ ನಾಡುಗಳಲ್ಲಿಯೂ ಓಡಿವೆ. ದೋಷ ಹೆಚ್ಚಾಗಿ ತಂತಿಯಲ್ಲಿ ಇರುತ್ತದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಾರಿಯಲ್ಲಿ ಒಂದು ಓಮಿನ ಸಾವಿರದಲ್ಲೊಂದು ಭಾಗದಷ್ಟು ರೋಧವಿದೆ ಎಂದಿಟ್ಟುಕೊಳ್ಳೋಣ. ೬ ವೋಲ್ಟಿನಲ್ಲಿ ೨೦೦ ಆಂಪಿಯರ್ ಹರಿದರೆ ೦.೨ ವೋಲ್ಟ್ ನಷ್ಟವಾಗುತ್ತದೆ, ಅಂದರೆ ಒಟ್ಟಿನಲ್ಲಿ ಮೂವತ್ತನೆಯ ಒಂದು ಪಾಲು. ಅಷ್ಟೇ ಶಕ್ತಿಗೆ ೧೨ ವೋಲ್ಟಿನಲ್ಲಿ ೧೦೦ ಆಂಪಿಯರ್ ಸಾಕು, ನಷ್ಟ ೦.೧ ವೋಲ್ಟ್, ನೂರಿಪ್ಪತ್ತನೆಯ ಒಂದು ಪಾಲು ಮಾತ್ರ. ಆದ್ದರಿಂದ ೧೨ ವೋಲ್ಟಿನ ಕಾರಿಗಾಗಿ ಮಾರುವ ತೆಳು ಕೇಬಲನ್ನು ೬ ವೋಲ್ಟಿನ ವಾಹನಕ್ಕೆ ಹಾಕಿದರೆ ಸ್ಟಾರ್ಟರು ಸೊರಗುತ್ತದೆ. ದಪ್ಪ ಕೇಬಲ್, ಬಣ್ಣ ಮತ್ತು ತುಕ್ಕು ಕೆರೆದ ಅರ್ತ್ ಜಾಗ, ಹೊಸ ಬ್ರಷ್, ಸವೆಯದ ಬುಷ್ ಇಷ್ಟನ್ನು ಮೊದಲು ಒದಗಿಸಿ ನೋಡುವುದು ವಿವೇಕ. ಅನೇಕ ವಾಹನಗಳಲ್ಲಿ ಅಲ್ಲಿಗೇ ಪರಿವರ್ತನೆಯ ಅಗತ್ಯ ತೀರುತ್ತದೆ.

೧೨ ವೋಲ್ಟಿನಲ್ಲಿ ೬ ವೋಲ್ಟ್ ಮೋಟಾರಿನ ವರ್ತನೆ

ಹಳೆಯ ಸ್ಟಾರ್ಟರುಗಳು ಸಾಮಾನ್ಯವಾಗಿ ಸರಣಿ ಮಾದರಿಯ ನೇರ ವಿದ್ಯುತ್ ಮೋಟಾರುಗಳು. ಹೊರಕವಚಕ್ಕೆ ಬಿಗಿದ ಫೀಲ್ಡ್ ಕಾಯಿಲುಗಳಲ್ಲಿಯೂ ತಿರುಗುವ ಆರ್ಮೇಚರಿನಲ್ಲಿಯೂ ಒಂದೇ ಪ್ರವಾಹ ಹರಿಯುತ್ತದೆ. ಇಂಥ ಮೋಟಾರಿನಲ್ಲಿ ಬ್ಯಾಟರಿಯ ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೂ ತಿರುಗುವ ದಿಕ್ಕು ಬದಲಾಗದು. ಏಕೆಂದರೆ ಎರಡೂ ಕಾಂತಕ್ಷೇತ್ರಗಳು ಒಟ್ಟಿಗೆ ದಿಕ್ಕು ಬದಲಿಸುತ್ತವೆ. ಫೋರ್ಡ್ ೮ಎನ್ ಟ್ರ್ಯಾಕ್ಟರಿನಂತೆ ಧನ ತುದಿಯನ್ನು ಅರ್ತ್ ಮಾಡಿರುವ ವಾಹನವನ್ನು ಪರಿವರ್ತನೆಯ ವೇಳೆ ಋಣ ಅರ್ತಿಗೆ ತಂದಾಗ ಸ್ಟಾರ್ಟರಿನ ಬಗ್ಗೆ ಚಿಂತಿಸಬೇಕಿಲ್ಲವೆಂಬುದು ಇದರಿಂದ ಸ್ಪಷ್ಟ. ಶಾಶ್ವತ ಕಾಂತವುಳ್ಳ ಈಚಿನ ಮೋಟಾರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೋಟಾರು ನಿಂತಿರುವ ಕ್ಷಣದಲ್ಲಿ ಪ್ರವಾಹವನ್ನು ತಡೆಯುವುದು ತಾಮ್ರದ ಅತ್ಯಲ್ಪ ರೋಧ ಮಾತ್ರ. ತಿರುಗತೊಡಗಿದ ಮೇಲೆ ಅದರಲ್ಲಿಯೇ ಹುಟ್ಟುವ ಪ್ರತಿವೋಲ್ಟೇಜು ಪ್ರವಾಹವನ್ನು ಇಳಿಸುತ್ತದೆ. ವೋಲ್ಟೇಜು ಇಮ್ಮಡಿಯಾದರೆ ನಿಂತ ಮೋಟಾರಿನ ಪ್ರವಾಹ ಲೆಕ್ಕದ ಪ್ರಕಾರ ಇಮ್ಮಡಿ, ಉಷ್ಣ ನಾಲ್ಮಡಿ. ಬ್ಯಾಟರಿ ಕುಸಿಯುವುದರಿಂದ ವಾಸ್ತವದಲ್ಲಿ ಅಷ್ಟಾಗುವುದಿಲ್ಲ. ಎಂಜಿನ್ ಎರಡು ಮೂರು ಸೆಕೆಂಡಿನಲ್ಲಿ ಚಾಲೂ ಆಗುವಂತಿದ್ದರೆ ಈ ಉಷ್ಣದಿಂದ ಕೇಡಿಲ್ಲ. ಪೆಟ್ರೋಲ್ ಏರದ, ಟೈಮಿಂಗ್ ತಪ್ಪಿದ ಎಂಜಿನ್ನನ್ನು ಒಂದೇ ಸಮನೆ ತಿರುಗಿಸಿದರೆ ಮಾತ್ರ ಕಮ್ಯುಟೇಟರಿನ ಬೆಸುಗೆ ಕರಗುವವರೆಗೂ ಹೋಗಬಹುದು.

ಹಲ್ಲುಗಳ ಸಮಸ್ಯೆ ಬೇರೆ ಬಗೆಯದು. ಜೀಪು ಮತ್ತು ೮ಎನ್ ಟ್ರ್ಯಾಕ್ಟರುಗಳಲ್ಲಿರುವ ಬೆಂಡಿಕ್ಸ್ ಸಾಧನದಲ್ಲಿ ಮೋಟಾರು ಮೊದಲು ತಿರುಗುತ್ತದೆ. ಅದರ ದಂಡದ ತಿರುಪು ಮರೆಯ ಮೇಲೆ ಕುಳಿತ ಪುಟ್ಟ ಗಾಲಿ ಜಡತ್ವದಿಂದ ಹಿಂದುಳಿದು, ಮರೆಯ ಗುಂಟ ಸರಿದು, ನಿಂತಿರುವ ಫ್ಲೈವೀಲಿನ ರಿಂಗ್ ಗೇರಿಗೆ ಹೋಗಿ ಬೀಳುತ್ತದೆ. ಬೀಳುವ ವೇಗ ಇಮ್ಮಡಿಯಾದರೆ ಏಟಿನ ಚೈತನ್ಯ ನಾಲ್ಮಡಿಯಾಗುತ್ತದೆ. ಏಟನ್ನು ತಡೆದುಕೊಳ್ಳಲೆಂದು ಇರುವ ಸ್ಪ್ರಿಂಗು ೬ ವೋಲ್ಟಿನ ಲೆಕ್ಕದಲ್ಲಿ ತಯಾರಾದುದು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಸಂಪೀಡನದ ತಡೆಯಿಂದಾಗಿ ಹೆಚ್ಚಾಗಿ ಎರಡೇ ಸ್ಥಾನಗಳಲ್ಲಿ ನಿಲ್ಲುತ್ತದೆ. ಆದಕಾರಣ ಎಲ್ಲ ಏಟೂ ರಿಂಗಿನ ಎದುರುಬದುರಾದ ಎರಡು ಜಾಗಗಳಿಗೇ ಬಿದ್ದು ಅಲ್ಲಿನ ಹಲ್ಲುಗಳು ಕರಗುತ್ತವೆ. ರಿಂಗ್ ಗೇರನ್ನು ಬಿಸಿ ಮಾಡಿ ಕಳಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸುವುದು ಹಳೆಯ ಮೆಕ್ಯಾನಿಕ್ಕರ ಉಪಾಯ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಉಳಿಸಿದ ಖರ್ಚೆಲ್ಲ ಅಲ್ಲಿ ಹೋಗುತ್ತದೆ.

ಬೀಟಲಿನಲ್ಲಿ ಹೀಗಾಗುವುದಿಲ್ಲ. ಅದರ ಸ್ಟಾರ್ಟರಿನಲ್ಲಿ ಸಾಲಿನಾಯ್ಡ್ ಮೊದಲು ಸನ್ನೆಯ ಮೂಲಕ ಹಲ್ಲುಗಳನ್ನು ಕೂಡಿಸಿ ಅನಂತರ ಮೋಟಾರಿಗೆ ಪೂರ್ಣ ಪ್ರವಾಹ ಬಿಡುತ್ತದೆ. ೬ ವೋಲ್ಟಿನ ಸ್ಟಾರ್ಟರನ್ನೇ ೧೨ ವೋಲ್ಟಿನಲ್ಲಿ ವರ್ಷಗಟ್ಟಲೆ ಬಳಸಿದ ಬೀಟಲ್ ಮಾಲೀಕರ ಅನುಭವವನ್ನು ಜೀಪಿಗೆ ಅನ್ವಯಿಸುವುದು ಆದ್ದರಿಂದ ಸರಿಯಲ್ಲ. ಬೀಟಲಿನಲ್ಲಿ ಸೋಲುವುದು ಸಾಲಿನಾಯ್ಡಿನ ಸುರುಳಿ. ಅದನ್ನು ೧೨ ವೋಲ್ಟಿನದಕ್ಕೆ ಬದಲಿಸಬಹುದು. ಯುದ್ಧಕಾಲದ ಜೀಪಿನಲ್ಲಿ ಕಾಲಿನಿಂದ ಒತ್ತುವ ಸ್ವಿಚ್ಚೇ ಇರುವುದರಿಂದ ಸುಡಲು ಸಾಲಿನಾಯ್ಡೇ ಇಲ್ಲ.

ಪರಿವರ್ತನೆಯ ವಿಧಾನಗಳು

ಶುದ್ಧವಾದ ಮಾರ್ಗ ಮರುಸುತ್ತುವಿಕೆ. ಪ್ರತಿಯೊಂದು ಸುರುಳಿಯಲ್ಲಿ ಸುತ್ತುಗಳನ್ನು ಇಮ್ಮಡಿ ಮಾಡಿ, ತಂತಿಯ ಅಡ್ಡಕೊಯ್ತವನ್ನು ಅರ್ಧಕ್ಕೆ ಇಳಿಸಿದರೆ ಅದೇ ಜಾಗದಲ್ಲಿ ತಾಮ್ರ ಹಿಡಿಸುತ್ತದೆ, ರೋಧ ನಾಲ್ಮಡಿಯಾಗುತ್ತದೆ, ಪ್ರವಾಹ ಅರ್ಧವಾಗುತ್ತದೆ. ಅರ್ಧ ಪ್ರವಾಹ ಇಮ್ಮಡಿ ಸುತ್ತುಗಳಲ್ಲಿ ಹರಿಯುವುದರಿಂದ ಕಾಂತಬಲವೂ ತಿರುಚುಬಲವೂ ವೇಗವೂ ಮೊದಲಿನಂತೆಯೇ ಉಳಿಯುತ್ತವೆ. ಬೆಂಡಿಕ್ಸಿಗೆ ವೋಲ್ಟೇಜು ಬದಲಾದದ್ದೇ ತಿಳಿಯುವುದಿಲ್ಲ. ಆದರೆ ಆರ್ಮೇಚರಿನ ಸೀಳುಗಳಲ್ಲಿ ಇರುವುದು ದಪ್ಪ ತಾಮ್ರದ ಪಟ್ಟಿಗಳು; ಅವನ್ನು ಹೊಸದಾಗಿ ಕಟ್ಟುವುದು ಪ್ರಯಾಸದ ಕೆಲಸ. ತಾಲ್ಲೂಕು ಕೇಂದ್ರಗಳಲ್ಲಿ ಕಾಣುವ ಪಂಪ್‌ಸೆಟ್ ವೈಂಡಿಂಗ್ ಅಂಗಡಿಗಳ ಕೈಕೆಲಸ ಎಷ್ಟೇ ಚೊಕ್ಕವಾಗಿದ್ದರೂ ಅದು ಎನಾಮಲ್ ತಂತಿಯ ಕೆಲಸ, ಇದು ಬೇರೆ.

ಆದ್ದರಿಂದ ಬಹುತೇಕ ಫೀಲ್ಡ್ ಕಾಯಿಲುಗಳನ್ನು ಮಾತ್ರ ಬದಲಿಸುತ್ತಾರೆ, ಅಥವಾ ಎರಡೆರಡಾಗಿ ಸಮಾಂತರ ಜೋಡಣೆಯಲ್ಲಿರುವ ನಾಲ್ಕು ಕಾಯಿಲುಗಳನ್ನು ಒಂದೇ ಸರಣಿಗೆ ತರುತ್ತಾರೆ. ಆಗ ಫೀಲ್ಡಿನ ರೋಧ ನಾಲ್ಮಡಿಯಾಗಿ ಪ್ರವಾಹಕ್ಕೆ ಕಡಿವಾಣ ಬೀಳುತ್ತದೆ. ಆರ್ಮೇಚರು ಹಳೆಯದೇ ಆದ್ದರಿಂದ ವೇಗ ಮೊದಲಿಗಿಂತ ಹೆಚ್ಚೇ ಇರುತ್ತದೆ. ಇದು ಅರೆ ಪರಿಹಾರ. ಆದರೆ ಏನೂ ಮಾಡದಿರುವುದಕ್ಕಿಂತ ಮೇಲು, ಬೇಕೆಂದಾಗ ಹಿಂದಿನ ಸ್ಥಿತಿಗೆ ತರಲೂ ಸಾಧ್ಯ.

ಇಡೀ ಸ್ಟಾರ್ಟರನ್ನು ೧೨ ವೋಲ್ಟಿನದಕ್ಕೆ ಬದಲಿಸುವವರು ಮೊದಲು ಫ್ಲೈವೀಲಿನ ಹಲ್ಲುಗಳನ್ನು ಎಣಿಸಬೇಕು. ೬ ವೋಲ್ಟಿನ ಬೀಟಲಿನ ಫ್ಲೈವೀಲಿಗೆ ೧೦೯ ಹಲ್ಲು, ೧೨ ವೋಲ್ಟಿನದಕ್ಕೆ ೧೩೦. ಒಂದರ ಸ್ಟಾರ್ಟರು ಇನ್ನೊಂದಕ್ಕೆ ಕೂಡದು. ದೊಡ್ಡ ಫ್ಲೈವೀಲ್ ಹಾಕಬೇಕಾದರೆ ಹಳೆಯ ಗೇರ್‌ಬಾಕ್ಸಿನ ಒಳಮೈಯನ್ನು ಉಜ್ಜಿ ಜಾಗ ಮಾಡಬೇಕಾಗುತ್ತದೆ. ಉಜ್ಜಿದ ಲೋಹ ಮರಳಿ ಬಾರದು.

ಸ್ಟಾರ್ಟರಿನ ದಾರಿಯಲ್ಲಿ ರೋಧಕವಿಟ್ಟು ೬ ವೋಲ್ಟ್ ಇಳಿಸುವ ಆಲೋಚನೆ ಕಾರ್ಯಸಾಧುವಲ್ಲ. ೨೦೦ ಆಂಪಿಯರಿನಲ್ಲಿ ೬ ವೋಲ್ಟ್ ಇಳಿಸಲು ಆ ರೋಧಕ ೧೨೦೦ ವ್ಯಾಟ್ ಉಷ್ಣವನ್ನು ಹೊರಹಾಕಬೇಕು. ೧೨ ವೋಲ್ಟ್ ಬ್ಯಾಟರಿಯ ಮಧ್ಯದಿಂದ ೬ ವೋಲ್ಟ್ ತೆಗೆಯುವ ಉಪಾಯವೂ ಬ್ಯಾಟರಿಯ ಅರ್ಧಭಾಗವನ್ನು ಮಾತ್ರ ಬರಿದು ಮಾಡಿ ಅದರ ಆಯುಷ್ಯ ಕಳೆಯುತ್ತದೆ. ನಾಲ್ಕು ಕೋಶಗಳ ೮ ವೋಲ್ಟ್ ಬ್ಯಾಟರಿ ಮಧ್ಯಮ ಮಾರ್ಗವೆನಿಸಿದೆ. ಅದಕ್ಕೆ ರೆಗ್ಯುಲೇಟರನ್ನು ಏರಿಸಬೇಕು, ಬಲ್ಬುಗಳು ಬೇಗ ಹೋಗುತ್ತವೆ.

ಸುರಕ್ಷತೆ ಮತ್ತು ಪರೀಕ್ಷೆ

ಕೆಲಸಕ್ಕೆ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಕಳಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ವೋಲ್ಟೇಜು ಕಡಿಮೆಯೆಂದು ಉದಾಸೀನ ಸಲ್ಲದು. ಸ್ಪ್ಯಾನರಾಗಲಿ ಕೈಯ ಉಂಗುರವಾಗಲಿ ಎರಡು ತುದಿಗಳಿಗೆ ಒಟ್ಟಿಗೆ ತಗುಲಿದರೆ ಲೋಹ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಹತ್ತಿರ ಕಿಡಿ ಕೂಡದು.

ಮೋಟಾರನ್ನು ಕೂರಿಸಿದ ಮೇಲೆ ಎಂಜಿನ್ ತಿರುಗುತ್ತಿರುವಾಗ ಸ್ಟಾರ್ಟರಿನ ತುದಿಯಲ್ಲಿಯೇ ವೋಲ್ಟೇಜನ್ನು ಅಳೆಯಬೇಕು. ಬ್ಯಾಟರಿಯ ತುದಿಗಳಲ್ಲಿ ಅಳೆದುದಕ್ಕೂ ಇದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಕೇಬಲನ್ನು ಮತ್ತೆ ನೋಡಬೇಕು. ಮಾರ್ಪಡಿಸದ ೬ ವೋಲ್ಟ್ ಮೋಟಾರನ್ನೇ ಉಳಿಸಿಕೊಂಡವರು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಎಂಜಿನ್ ಚಾಲೂ ಆಗದಿದ್ದರೆ ಮೋಟಾರು ತಣಿಯುವವರೆಗೆ ಕಾಯುವುದು ಒಳ್ಳೆಯದು. ಜೀಪಿನಲ್ಲಿ ಬಂಪರಿನ ಹಿಂದೆ ಹ್ಯಾಂಡಲ್ ಹಾಕುವ ಸ್ಥಳ ಇದ್ದೇ ಇದೆ.