ಕಿರಿದಾದ ಓಣಿಗೆ ಯಾವ ಗಾಡಿ?

ಹಿಂದೆ ನಮ್ಮ ಕಡೆ ರಾಗಿಯನ್ನು ಹಗೇವಿಗೆ ತುಂಬುತ್ತಿದ್ದರು. ಭತ್ತಕ್ಕೆ ಕಣಜ ಇತ್ತು. ಈಗ ಗೋದಾಮುಗಳು ಬಂದಿವೆ. ನಾಗಮಂಗಲದ ರಾಗಿ, ಶ್ರೀರಂಗಪಟ್ಟಣದ ಭತ್ತ, ಪಾಂಡವಪುರ ಮತ್ತು ಕೆ.ಆರ್. ಪೇಟೆಯ ಸಕ್ಕರೆ ಮೂಟೆಯಾಗಿ ಗೋದಾಮು ಸೇರುತ್ತವೆ.

ಒಂದು ಮೂಟೆ 50 ಕಿಲೋ ಎಂದು ಇಟ್ಟುಕೊಳ್ಳೋಣ. ಒಬ್ಬ ಹಮಾಲಿ ದಿನಕ್ಕೆ 100 ಮೂಟೆ ಹೊತ್ತರೆ ಎಷ್ಟಾಯಿತು? 5,000 ಕಿಲೋ. ಅಂದರೆ 5 ಟನ್! ಸೊಂಟ, ಮಂಡಿ, ಕುತ್ತಿಗೆ ಏನಾಗಬೇಕು ಹೇಳಿ. ಈ ಭಾರ ಎತ್ತಲು ಒಂದು ಗಾಡಿ ಇದೆ. ಅದೇ ಫೋರ್ಕ್‌ಲಿಫ್ಟ್.

ಈ ಗಾಡಿಯ ಮುಂದೆ ಕಬ್ಬಿಣದ ಎರಡು ತೋಳುಗಳಿರುತ್ತವೆ. ಸಾಮಾನನ್ನು ಮರದ ಹಲಗೆಯ ಚೌಕಟ್ಟಿನ ಮೇಲೆ ಜೋಡಿಸುತ್ತಾರೆ. ಅದಕ್ಕೆ ಪ್ಯಾಲೆಟ್ ಎನ್ನುತ್ತಾರೆ. ತೋಳುಗಳು ಪ್ಯಾಲೆಟ್ ಕೆಳಗೆ ತೂರಿ ಎಲ್ಲವನ್ನೂ ಒಟ್ಟಿಗೆ ಎತ್ತುತ್ತವೆ. ಗಾಡಿ ಮುಗ್ಗರಿಸುವುದಿಲ್ಲವೇ? ಇಲ್ಲ. ಅದರ ಹಿಂದೆ ತೂಕದ ಕಬ್ಬಿಣ ಇರುತ್ತದೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ.

ದೊಡ್ಡ ಗೋದಾಮಿನಲ್ಲಿ ಎತ್ತರದ ಕಪಾಟುಗಳ ಸಾಲು ಇರುತ್ತದೆ. ಸಾಲುಗಳ ನಡುವೆ ಓಣಿ. ಓಣಿ ಅಗಲವಾದರೆ ಸಾಮಾನಿಗೆ ಜಾಗ ಕಡಿಮೆ. ಕಿರಿದಾದರೆ ಗಾಡಿ ತಿರುಗುವುದಿಲ್ಲ. ಅದಕ್ಕೇ ಬಗೆಬಗೆಯ ಗಾಡಿಗಳು.

ಕೈಗಾಡಿ: ಹಿಡಿಯನ್ನು ಕೆಳಗೆ ಮೇಲೆ ಒತ್ತಿದರೆ ಪ್ಯಾಲೆಟ್ ನೆಲದಿಂದ ಸ್ವಲ್ಪ ಮೇಲೇಳುತ್ತದೆ. ಎಳೆದುಕೊಂಡು ಹೋಗಬಹುದು. ಕಪಾಟಿಗೆ ಏರಿಸಲು ಆಗದು.

ಸ್ಟ್ಯಾಕರ್: ಇದನ್ನು ಸಾಮಾನ್ಯವಾಗಿ ಹಿಂದೆ ನಡೆಯುತ್ತಾ ನಡೆಸುತ್ತಾರೆ. ಸುಮಾರು 8 ಅಡಿ ಓಣಿ ಸಾಕು.

ಸಾಧಾರಣ ಫೋರ್ಕ್‌ಲಿಫ್ಟ್: ಇದು ತಿರುಗಲು ಸುಮಾರು 12 ಅಡಿ ಬೇಕು. ಅಂಗಳದಲ್ಲಿ, ಲಾರಿಯ ಬಳಿ ಇದೇ ಒಳ್ಳೆಯದು.

ರೀಚ್ ಟ್ರಕ್: ಇದರ ತೋಳು ಮುಂದೆ ಚಾಚಿ, ಮತ್ತೆ ಒಳಗೆ ಬರುತ್ತದೆ. ಸುಮಾರು 9–10 ಅಡಿ ಓಣಿ ಸಾಕು. ಬ್ಯಾಟರಿಯಲ್ಲಿ ಓಡುತ್ತದೆ. ನೆಲ ಮಾತ್ರ ನುಣ್ಣಗಿರಬೇಕು.

ಟರೆಟ್ ಟ್ರಕ್: ಗಾಡಿ ತಿರುಗುವುದಿಲ್ಲ, ತೋಳು ಮಾತ್ರ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಸುಮಾರು 6 ಅಡಿ ಓಣಿಯಲ್ಲೂ ಕೆಲಸ ಮಾಡುತ್ತದೆ. ಬೆಲೆ ಬಹಳ ಹೆಚ್ಚು. ನೆಲ ಕನ್ನಡಿಯಂತೆ ಸಮನಾಗಿರಬೇಕು.

ಇದೆಲ್ಲ ನಮಗೇಕೆ ಎನ್ನಬೇಡಿ. ಮೈಸೂರು, ಬೆಂಗಳೂರು ಕಡೆಯ ಕಾರ್ಖಾನೆಗಳಿಗೆ ನಮ್ಮ ಹೆಣ್ಣುಮಕ್ಕಳೂ ಹೋಗುತ್ತಾರೆ. ಗುಡಿಸುವುದು, ಆರಿಸುವುದು, ಕಟ್ಟುವುದು ಎಲ್ಲ ಗೋದಾಮಿನಲ್ಲೇ. ಕಿರಿದಾದ ಓಣಿಯಲ್ಲಿ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆದ್ದರಿಂದ ಗಾಡಿ ಇರುವ ಓಣಿಗೆ ಕಾಲಿಡಬಾರದು. ಎತ್ತಿದ ತೋಳಿನ ಕೆಳಗೆ ನಿಲ್ಲಬಾರದು. ತೋಳಿನ ಮೇಲೆ ಹತ್ತಿ ಸವಾರಿ ಮಾಡಲೇಬಾರದು. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ ತಿರುಗುತ್ತದೆ. ಆಗ ಅದರ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಹತ್ತಿರ ನಿಂತವರಿಗೆ ಅಪಾಯ. ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬರಬಹುದು. ಅಲ್ಲಿ ಬೀಡಿ, ಬೆಂಕಿ ಕೂಡದು.

ಗಾಡಿಯ ಮೇಲೆ ಒಂದು ಫಲಕ ಇರುತ್ತದೆ. ಎಷ್ಟು ಎತ್ತರಕ್ಕೆ ಎಷ್ಟು ಕಿಲೋ ಎತ್ತಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಎತ್ತರ ಹೆಚ್ಚಿದರೆ ಎತ್ತಬಹುದಾದ ಭಾರ ಕಡಿಮೆಯಾಗಬಹುದು. ಮಿತಿ ಮೀರಿದರೆ ಗಾಡಿ ಮಗುಚುತ್ತದೆ. ಅಕ್ಷರ, ಅಂಕಿ ಕಲಿತ ನಾವು ಈ ಫಲಕ ಓದಬಹುದು. 50 ಕಿಲೋದ ಮೂಟೆ ಎಷ್ಟಿವೆ ಎಂದು ಲೆಕ್ಕ ಹಾಕಿ, "ಇದು ಹೆಚ್ಚಾಯಿತು, ನಿಲ್ಲಿಸಿ" ಎನ್ನಬಹುದು.

ಈ ಗಾಡಿ ನಡೆಸಲು ತೋಳಿನ ಬಲ ಬೇಕಿಲ್ಲ. ತರಬೇತಿ ಬೇಕು, ಎಚ್ಚರ ಬೇಕು. ಕಲಿತರೆ ಹೆಂಗಸರೂ ನಡೆಸಬಹುದು. ನಿಮ್ಮ ಮಗಳು ಕಲಿಯುತ್ತೇನೆ ಎಂದರೆ ಬೇಡ ಎನ್ನಬೇಡಿ.