ಮುಪ್ಪಿನ ಬೆಕ್ಕು ಅನ್ನ ಬಿಟ್ಟಾಗ

ನಮ್ಮ ಮನೆಗಳಲ್ಲಿ ಬೆಕ್ಕಿಗಿರುವ ಸ್ಥಾನವು ವಿಚಿತ್ರವಾದುದು. ಹಸುವನ್ನು ಪೂಜಿಸುತ್ತೇವೆ; ನಾಯಿಯನ್ನು ಕಾವಲಿಗೆ ಇಟ್ಟುಕೊಳ್ಳುತ್ತೇವೆ. ಬೆಕ್ಕಾದರೋ ಪೂಜೆಯನ್ನು ಬೇಡದೆ, ಕಾವಲನ್ನೂ ಒಪ್ಪಿಕೊಳ್ಳದೆ, ಒಲೆಯ ಮಗ್ಗುಲಲ್ಲಿ ತನಗೊಂದು ಜಾಗವನ್ನು ತಾನೇ ಗೊತ್ತುಮಾಡಿಕೊಂಡು ಸಂಸಾರದಲ್ಲಿ ಒಂದಾಗಿಬಿಡುತ್ತದೆ. ಉಗ್ರಾಣದ ಇಲಿಗಳನ್ನು ಹಿಡಿದು, ಮಕ್ಕಳ ಮಡಿಲಲ್ಲಿ ಮಲಗಿ, ಹತ್ತು ಹದಿನೈದು ವರ್ಷಗಳನ್ನು ನಮ್ಮೊಡನೆ ಕಳೆಯುತ್ತದೆ. ಅಷ್ಟು ಕಾಲ ತನ್ನ ಯೋಗಕ್ಷೇಮವನ್ನು ಬಹುಮಟ್ಟಿಗೆ ತಾನೇ ನೋಡಿಕೊಂಡ ಈ ಪ್ರಾಣಿಯು ಒಂದು ದಿನ ತಟ್ಟೆಯ ಬಳಿಗೆ ಬಂದು, ಮೂಸಿ ನೋಡಿ, ಮುಖ ತಿರುಗಿಸಿಕೊಂಡು ಹೊರಟುಹೋದರೆ ಮನೆಯವರು ಏನು ಮಾಡಬೇಕು? ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಅದಕ್ಕೆ ವಯಸ್ಸಾಯಿತು, ತನ್ನ ಕಾಲವನ್ನು ತಿಳಿದು ಅನ್ನ ಬಿಟ್ಟಿದೆ, ಸುಮ್ಮನೆ ಬಿಟ್ಟುಬಿಡಿ" ಎನ್ನುವವರು ಕೆಲವರು. "ಅದಕ್ಕೆ ಕೊಬ್ಬು; ಎರಡು ದಿನ ಹಸಿದರೆ ತಾನೇ ತಿನ್ನುತ್ತದೆ" ಎನ್ನುವವರು ಮತ್ತೆ ಕೆಲವರು. ಮೊದಲನೆಯ ಮಾತಿನಲ್ಲಿ ವೈರಾಗ್ಯವಿದೆ, ಎರಡನೆಯದರಲ್ಲಿ ದರ್ಪವಿದೆ. ಆದರೆ ಎರಡರ ಫಲವೂ ಒಂದೇ. ಬೆಕ್ಕು ಉಪವಾಸ ಬೀಳುತ್ತದೆ. ಬಾಯಿಲ್ಲದ ಪ್ರಾಣಿಗೆ ತನ್ನ ಸಂಕಟವನ್ನು ತಿಳಿಸಲು ಅನ್ನವನ್ನು ಬಿಡುವುದೇ ಒಂದು ಭಾಷೆಯೆಂದೂ, ಆ ಭಾಷೆಯನ್ನು ಓದಿಕೊಳ್ಳುವುದು ಸಾಕಿದವರ ಹೊಣೆಯೆಂದೂ ನಮ್ಮ ಅಭಿಪ್ರಾಯ.

ಮುಪ್ಪು ಎಂಬುದೇ ಒಂದು ರೋಗವಲ್ಲ. ಹನ್ನೊಂದು ವರ್ಷದ ಬೆಕ್ಕನ್ನು ಅರುವತ್ತು ವರ್ಷದ ಮನುಷ್ಯನಿಗೂ, ಹದಿನೈದು ವರ್ಷದ್ದನ್ನು ಎಪ್ಪತ್ತಾರು ವರ್ಷದವನಿಗೂ ಪಶುವೈದ್ಯರು ಹೋಲಿಸುವುದುಂಟು. ಅಮೆರಿಕದ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದಲ್ಲಿ 1967ರಲ್ಲಿ ಹುಟ್ಟಿದ ಕ್ರೀಮ್ ಪಫ್ ಎಂಬ ಬೆಕ್ಕು 2005ರವರೆಗೆ, ಎಂದರೆ ಮೂವತ್ತೆಂಟು ವರ್ಷಗಳ ಕಾಲ ಬದುಕಿತ್ತು. ಎಲ್ಲ ಬೆಕ್ಕುಗಳಿಗೂ ಅಂಥ ಆಯುಸ್ಸು ಇರುವುದಿಲ್ಲ, ನಿಜ. ಆದರೂ ಹದಿಮೂರು ಹದಿನಾಲ್ಕರ ಬೆಕ್ಕು ಅನ್ನ ಬಿಟ್ಟೊಡನೆ ಅದರ ಕಥೆ ಮುಗಿಯಿತೆಂದು ಕೈಕಟ್ಟಿ ಕೂಡುವುದು ಸರಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಬೆಕ್ಕಿನ ಉಪವಾಸವು ನಮ್ಮ ಏಕಾದಶಿಯ ಉಪವಾಸದಂಥದಲ್ಲ. ಆಹಾರವಿಲ್ಲದಾಗ ಬೆಕ್ಕಿನ ದೇಹವು ತನ್ನಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ಅಷ್ಟೊಂದು ಕೊಬ್ಬನ್ನು ಅರಗಿಸುವ ಶಕ್ತಿ ಆ ಯಕೃತ್ತಿಗೆ ಇಲ್ಲ. ಕೊಬ್ಬು ಅಲ್ಲಿಯೇ ತುಂಬಿಕೊಂಡು ಯಕೃತ್ತು ತನ್ನ ಕೆಲಸವನ್ನು ನಿಲ್ಲಿಸತೊಡಗುತ್ತದೆ. ಒಸಡು, ಕಿವಿಯ ಒಳಭಾಗ, ಕಣ್ಣಿನ ಬಿಳಿಭಾಗಗಳು ಹಳದಿಯಾಗುತ್ತವೆ. ಆಗ ವಾಕರಿಕೆಯು ಹೆಚ್ಚಿ, ಮೊದಲು ಯಾವ ಕಾರಣದಿಂದ ಅನ್ನ ಬಿಟ್ಟಿತ್ತೋ ಆ ಕಾರಣವು ನೀಗಿದರೂ ಬೆಕ್ಕು ತಿನ್ನಲಾರದು. ಇದು ಕೆಲವೇ ದಿನಗಳ ಉಪವಾಸದಿಂದ ಆರಂಭವಾಗಬಹುದು. ಮೈತುಂಬಿಕೊಂಡ ಬೆಕ್ಕುಗಳಿಗೆ ಈ ಅಪಾಯವು ಇನ್ನೂ ಹೆಚ್ಚು. ಆದಕಾರಣ ಮುದಿ ಬೆಕ್ಕು ಒಂದು ಹಗಲು ಒಂದು ರಾತ್ರಿ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತಿಳಿಸತಕ್ಕದ್ದು. "ಹಸಿದರೆ ತಿನ್ನುತ್ತದೆ" ಎಂದು ಕಾಯುವುದು ಕೂಡದು.

ಹಾಗಾದರೆ ಬೆಕ್ಕು ಏಕೆ ತಿನ್ನುವುದಿಲ್ಲ? ಮೊದಲು ಗಮನಿಸಬೇಕಾದುದು, ಅದಕ್ಕೆ ತಿನ್ನುವ ಮನಸ್ಸಿಲ್ಲವೋ ಅಥವಾ ಮನಸ್ಸಿದ್ದೂ ತಿನ್ನಲಾಗುವುದಿಲ್ಲವೋ ಎಂಬುದನ್ನು. ತಟ್ಟೆಯ ಸದ್ದಿಗೆ ಓಡಿಬಂದು, ಒಂದು ತುತ್ತನ್ನು ಬಾಯಿಗೆ ತೆಗೆದುಕೊಂಡು, ತಲೆ ಓರೆಮಾಡಿ, ಅದನ್ನು ಕೆಳಗೆ ಬಿಟ್ಟರೆ, ಜೊಲ್ಲು ಸುರಿಸಿದರೆ, ಮುಂಗಾಲಿನಿಂದ ಬಾಯನ್ನು ಉಜ್ಜಿಕೊಂಡರೆ, ನೋವು ಬಾಯಲ್ಲಿದೆಯೆಂದು ಊಹಿಸಬಹುದು. ನಮ್ಮ ಮನೆಯ ಹದಿನಾಲ್ಕು ವರ್ಷದ ಬೆಕ್ಕು ಹೀಗೆಯೇ ಮಾಡಲು, ಬಂದವರೆಲ್ಲರೂ ಅದಕ್ಕೆ ಅಂತ್ಯಕಾಲ ಬಂತೆಂದರು. ವೈದ್ಯರು ಬಾಯಿ ತೆರೆದು ನೋಡಿದಾಗ ಒಂದು ದವಡೆಹಲ್ಲು ಬುಡದವರೆಗೆ ಕೊಳೆತಿತ್ತು. ಅದನ್ನು ಕಿತ್ತ ಮೂರನೆಯ ದಿನ ಬೆಕ್ಕು ತಟ್ಟೆಯನ್ನು ನೆಕ್ಕಿ, ಇನ್ನಷ್ಟು ಬೇಕೆಂದು ಕೂಗಿತು. ಅಂತ್ಯಕಾಲವೆಂದು ಎಲ್ಲರೂ ಎಣಿಸಿದ್ದುದು ಬರಿಯ ಹಲ್ಲುನೋವಾಗಿತ್ತು.

ತಟ್ಟೆಯನ್ನು ಕಂಡರೇ ಬೆಕ್ಕು ತುಟಿ ನೆಕ್ಕಿಕೊಂಡು ದೂರ ಸರಿದರೆ ಅದು ವಾಕರಿಕೆಯ ಗುರುತು. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡಗಳ ಶಕ್ತಿ ಕುಂದುವುದು ಬಹಳ ಸಾಮಾನ್ಯ; ಆಗ ರಕ್ತದಲ್ಲಿ ಕಶ್ಮಲವು ಉಳಿದು ಹೊಟ್ಟೆ ತೊಳಸುತ್ತದೆ. ಬೆಕ್ಕು ಹಿಂದಿಗಿಂತ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಅನ್ನ ಬಿಡುವುದಕ್ಕೆ ಮುಂಚೆಯೇ ಎಚ್ಚತ್ತುಕೊಳ್ಳಬೇಕು. ಮಲಬದ್ಧತೆಯಿಂದಲೂ ಹಸಿವು ಕಟ್ಟುತ್ತದೆ. ಇವಲ್ಲದೆ ಕೀಲುಗಳ ನೋವೂ ಇರಬಹುದು: ಹನ್ನೆರಡು ವರ್ಷ ಮೀರಿದ ನೂರು ಬೆಕ್ಕುಗಳ ಕ್ಷ-ಕಿರಣ ಚಿತ್ರಗಳನ್ನು ಪರೀಕ್ಷಿಸಿದ ವೈದ್ಯರು ತೊಂಬತ್ತರಲ್ಲಿ ಕೀಲುಗಳ ಸವೆತವನ್ನು ಕಂಡರೆಂದು 2002ರಲ್ಲಿ ಪ್ರಕಟವಾಯಿತು. ಇಂಥ ಬೆಕ್ಕಿಗೆ ಅಟ್ಟದ ಮೇಲಿಟ್ಟ ತಟ್ಟೆಯೂ ದೂರ, ನೆಲಕ್ಕೆ ಬಾಗುವುದೂ ಕಷ್ಟ. ಅದು ಮಲಗುವ ಜಾಗದ ಹತ್ತಿರವೇ, ಮೂರು ನಾಲ್ಕು ಅಂಗುಲ ಎತ್ತರದ ಮಣೆಯ ಮೇಲೆ ತಟ್ಟೆಯನ್ನಿಟ್ಟರೆ ಅರ್ಧ ಕಷ್ಟ ತೀರೀತು.

ಇನ್ನು ನಮ್ಮ ಮನೆಗಳಿಗೇ ವಿಶೇಷವಾದ ಒಂದು ಕಾರಣವನ್ನು ಹೇಳಬೇಕು. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವು ಅದರ ಕಣ್ಣಿಗೂ ಹೃದಯಕ್ಕೂ ಅವಶ್ಯ. ಅದನ್ನು ಬೇಕಾದಷ್ಟು ಉತ್ಪತ್ತಿಮಾಡಿಕೊಳ್ಳಲು ಬೆಕ್ಕಿನ ದೇಹಕ್ಕೆ ಸಾಧ್ಯವಿಲ್ಲ. ಅದು ಮಾಂಸ ಮೀನುಗಳಿಂದಲೇ ದೊರೆಯಬೇಕು. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಹೃದಯವು ಸೋಲುವುದೆಂದೂ, ಅದನ್ನು ಒದಗಿಸಿದರೆ ಚೇತರಿಸಿಕೊಳ್ಳುವುದೆಂದೂ ಕ್ಯಾಲಿಫೋರ್ನಿಯದ ವಿದ್ವಾಂಸರು 1987ರಲ್ಲಿ ತೋರಿಸಿಕೊಟ್ಟರು. ಹಾಲನ್ನ ಮೊಸರನ್ನಗಳನ್ನೇ ಇಡುವ ಮನೆಗಳಲ್ಲಿಯೂ ಬೆಕ್ಕುಗಳು ಚೆನ್ನಾಗಿ ಬದುಕಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅವು ಬದುಕಿದ್ದುದು ನಮ್ಮ ಮೊಸರನ್ನದಿಂದ ಮಾತ್ರವಲ್ಲ, ತಾವು ಹಿಡಿದ ಇಲಿ ಹಲ್ಲಿಗಳಿಂದ. ಮುಪ್ಪು ಬಂದು ಬೇಟೆ ನಿಂತ ದಿನದಿಂದ ಆ ಪೋಷಣೆಯೂ ನಿಂತುಹೋಗುತ್ತದೆ. ತಟ್ಟೆಯಲ್ಲಿ ಮಾತ್ರ ಎಂದಿನ ಅನ್ನವೇ ಇರುತ್ತದೆ. ಸಾಲದುದಕ್ಕೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದೂ ಇಲ್ಲ. ಮಾಂಸವನ್ನು ಮನೆಯೊಳಗೆ ತರಲೊಲ್ಲದವರು ಬೆಕ್ಕುಗಳಿಗೆಂದೇ ಸಿದ್ಧಪಡಿಸಿದ, ಟಾರಿನ್ ಬೆರೆಸಿದ ಡಬ್ಬಿಯ ಆಹಾರವನ್ನಾದರೂ ತಂದಿಡುವುದು ಒಳ್ಳೆಯದು.

ತಿನ್ನಿಸುವ ಬಗೆಯನ್ನು ಈಗ ನೋಡೋಣ. ಬೆಕ್ಕು ನಾಲಗೆಗಿಂತ ಮೊದಲು ಮೂಗಿನಿಂದ ಉಣ್ಣುತ್ತದೆ. ಸಿಹಿಯ ರುಚಿಯಂತೂ ಅದಕ್ಕೆ ತಿಳಿಯದು. ಸಿಹಿಯನ್ನು ಗುರುತಿಸಲು ಬೇಕಾದ ವಂಶವಾಹಿಯು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಗೊತ್ತಾಯಿತು. ಆದುದರಿಂದ ಹಾಲಿಗೆ ಸಕ್ಕರೆ ಬೆರೆಸಿ ಕರೆಯುವುದರಿಂದ ಪ್ರಯೋಜನವಿಲ್ಲ, ವಾಸನೆಯಿಂದ ಕರೆಯಬೇಕು. ವಯಸ್ಸಿನಿಂದ ಮೂಗು ಮಂದವಾಗಿರುವ ಬೆಕ್ಕಿಗೆ ತಣ್ಣಗಿನ ಆಹಾರವು ಇದ್ದೂ ಇಲ್ಲದಂತೆ. ಬೆಕ್ಕಿನ ಮೈಬಿಸಿಯು ಸೆಲ್ಸಿಯಸ್ ಮಾಪಕದಲ್ಲಿ ಸುಮಾರು 38ರಿಂದ 39 ಡಿಗ್ರಿ. ಆಗತಾನೆ ಹಿಡಿದ ಇಲಿಯೂ ಅಷ್ಟೇ ಬೆಚ್ಚಗಿರುತ್ತದೆಂಬುದನ್ನು ನೆನೆದು, ಆಹಾರವನ್ನು ಅಷ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ ಇಡಬೇಕು. ಮೂಗು ಕಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರಸಬೇಕು. ಮುಳ್ಳು ತೆಗೆದ ಬಂಗುಡೆಯನ್ನೋ ಕೋಳಿಯ ಮಾಂಸವನ್ನೋ ಬರಿಯ ನೀರಿನಲ್ಲಿ ಬೇಯಿಸಿ, ನುಣ್ಣಗೆ ಅರೆದು, ಎರಡು ಚಮಚೆಯಷ್ಟನ್ನು ಅಗಲವಾದ ತಟ್ಟೆಯಲ್ಲಿ ಇಡುವುದು. ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆದು, ಕೆಲವು ಗಂಟೆಗಳ ತರುವಾಯ ಹೊಸದಾಗಿ ಇಡುವುದು. ನಾಲ್ಕು ಸೇರು ಅನ್ನವನ್ನು ಮುಂದೆ ರಾಶಿ ಹಾಕುವುದಕ್ಕಿಂತ ದಿನಕ್ಕೆ ಆರು ಸಲ ಚೂರು ಚೂರಾಗಿ ಇಡುವುದು ಮೇಲು. ಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿಗಳು ಇರಲೇಕೂಡದು. ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಒಣಮೀನಿನ ಉಪ್ಪೂ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಬೆಕ್ಕಿನ ದವಡೆಯನ್ನು ಬಿಡಿಸಿ ಅನ್ನ ತುರುಕುವ ಪದ್ಧತಿಯನ್ನು ನಾವು ಒಪ್ಪಲಾರೆವು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಅರಿಯದವರಾರು? ಕುದಿಯುವ ಹಾಲಿಗೆ ಒಮ್ಮೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲನ್ನು ಕಂಡರೇ ಓಡಿಹೋಗುತ್ತಿತ್ತು. ಕೃಷ್ಣದೇವರಾಯನ ಆಸ್ಥಾನದಲ್ಲಿ ಅದು ನಗೆಗೆ ಕಾರಣವಾಯಿತು. ಆದರೆ ಆ ಕಥೆಯಲ್ಲಿ ಬೆಕ್ಕಿನ ಸ್ವಭಾವದ ದೊಡ್ಡ ಸತ್ಯವೊಂದಿದೆ. ಯಾವ ಆಹಾರದೊಡನೆ ನೋವೋ ಭಯವೋ ಸೇರಿಕೊಂಡಿತೋ ಆ ಆಹಾರವನ್ನು ಬೆಕ್ಕು ಬಹುಕಾಲ ಮುಟ್ಟುವುದಿಲ್ಲ. ಬಲವಂತದಿಂದ ಇಂದು ಒಂದು ತುತ್ತು ಹೊಟ್ಟೆಗೆ ಹೋದರೂ ನಾಳೆಯ ಹತ್ತು ತುತ್ತು ತಪ್ಪುತ್ತದೆ. ತುರುಕಿದ ಅನ್ನವು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೂ ಸಂಚಕಾರ ಬರಬಹುದು. ಸೂಜಿ ತೆಗೆದ ಪಿಚಕಾರಿಯಿಂದ ತಿನ್ನಿಸುವಂತೆ ವೈದ್ಯರೇ ಹೇಳಿದ್ದರೆ, ಬೆಕ್ಕನ್ನು ನೆಟ್ಟಗೆ ಕೂರಿಸಿ, ಕೆನ್ನೆಯ ಬದಿಯಿಂದ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಅದು ನುಂಗುವವರೆಗೂ ಕಾಯಬೇಕು, ಒದ್ದಾಡಿದರೆ ನಿಲ್ಲಿಸಬೇಕು.

ನಮ್ಮ ಔಷಧದ ಡಬ್ಬಿಯನ್ನು ಬೆಕ್ಕಿನ ಮುಂದೆ ತೆರೆಯುವುದಂತೂ ಬೇಡವೇ ಬೇಡ. ನಾವು ಜ್ವರಕ್ಕೆಂದು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯು, ಒಂದೇ ಒಂದಾದರೂ, ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು. ವೈದ್ಯರ ಬಳಿ ಇಂದು ವಾಕರಿಕೆಯನ್ನು ತಡೆಯುವ ಔಷಧಗಳಿವೆ, ಒಣಗಿದ ದೇಹಕ್ಕೆ ಚರ್ಮದಡಿ ನೀರನ್ನು ಸೇರಿಸುವ ಉಪಾಯವಿದೆ. ಮನುಷ್ಯರ ಮನೋವ್ಯಾಧಿಗೆಂದು ಬಂದ ಮಿರ್ಟಾಜಪೀನ್ ಎಂಬ ಔಷಧವು ಬೆಕ್ಕುಗಳಿಗೆ ಹಸಿವನ್ನುಂಟುಮಾಡುವುದು ತಿಳಿದುಬಂದು, ಅದನ್ನು ಕಿವಿಗೆ ಹಚ್ಚುವ ಮುಲಾಮಿನ ರೂಪದಲ್ಲಿ ಬಳಸಲು ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಕತ್ತಿನ ಬದಿಯಿಂದ ಅನ್ನನಾಳಕ್ಕೆ ಸಣ್ಣ ಕೊಳವೆಯನ್ನಿಟ್ಟು ವಾರಗಟ್ಟಲೆ ಆಹಾರ ಕೊಡುವುದೂ ಉಂಟು. ನೋಡುವುದಕ್ಕೆ ಕ್ರೂರವಾಗಿ ಕಂಡರೂ ಬೆಕ್ಕಿಗೆ ಅದು ತುರುಕುವುದಕ್ಕಿಂತ ಹಿತ. ವೈದ್ಯರಿಗೆ ಸಹಾಯವಾಗುವಂತೆ ಬೆಕ್ಕನ್ನು ವಾರಕ್ಕೊಮ್ಮೆ ತೂಗಿ ಬರೆದಿಡುವುದು ಒಳ್ಳೆಯ ಅಭ್ಯಾಸ. ನಾಲ್ಕು ಕಿಲೋ ತೂಕದ ಬೆಕ್ಕು ನಾನೂರು ಗ್ರಾಂ ಇಳಿಯಿತೆಂದರೆ ಅರುವತ್ತು ಕಿಲೋ ತೂಗುವವರು ಆರು ಕಿಲೋ ಇಳಿದಂತೆ. ಕೂದಲಿನ ಮರೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬೆಕ್ಕು ತಿನ್ನದೆ ಹೋಗುವ ದಿನ ಬಂದೇ ಬರುತ್ತದೆ. ಕಾರಣವನ್ನು ತಿಳಿದು, ಚಿಕಿತ್ಸೆ ಮಾಡಿಸಿ, ಆಮೇಲೂ ಅದು ಮುಖ ತಿರುಗಿಸಿದರೆ, ಆ ಮಾತನ್ನೂ ನಾವು ಕೇಳಬೇಕು. ಆಲಿಸ್ ವಿಲ್ಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆಯು ಇಂಥ ಸಮಯಕ್ಕೆಂದು ಏಳು ಪ್ರಶ್ನೆಗಳನ್ನು ಗೊತ್ತುಮಾಡಿದ್ದಾರೆ: ನೋವು ಹತೋಟಿಯಲ್ಲಿದೆಯೇ, ಆಹಾರ ಸೇರುತ್ತಿದೆಯೇ, ನೀರು ಸೇರುತ್ತಿದೆಯೇ, ಮೈ ಚೊಕ್ಕಟವಾಗಿದೆಯೇ, ಸಂತೋಷವಿದೆಯೇ, ಓಡಾಟವಿದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಾಗಿವೆಯೇ? ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತ ಬಂದರೆ ಮನಸ್ಸು ಒಪ್ಪದುದನ್ನು ಕ್ಯಾಲೆಂಡರು ಹೇಳುತ್ತದೆ. ನೋವು ತೀರದೆಂದು ಖಚಿತವಾದ ಮೇಲೆ ವೈದ್ಯರ ಕೈಯಿಂದ ನಿದ್ರೆಯಂಥ ಮರಣವನ್ನು ಕೊಡಿಸುವುದು ಪಾಪವೆಂದು ಕೆಲವರು ಭಾವಿಸುತ್ತಾರೆ. ಅವರ ಅಳುಕನ್ನು ನಾವು ಗೌರವಿಸುತ್ತೇವೆ. ಆದರೆ ಹಸಿವು ಬಾಯಾರಿಕೆಗಳಿಂದ ವಾರಗಟ್ಟಲೆ ನರಳಿ ಸಾಯಲೆಂದು ಬಿಡುವುದು ಪುಣ್ಯವೆಂದು ನಮಗೆ ತೋರುವುದಿಲ್ಲ. ಹಾಗೆ ಮಾಡಿಸಲು ಮನಸ್ಸಿಲ್ಲದವರು ನೋವು ಕಡಮೆಮಾಡುವ ಔಷಧವನ್ನಾದರೂ ವೈದ್ಯರಿಂದ ಪಡೆಯಬೇಕು. ಆ ದಿನಗಳಲ್ಲಿ ತಟ್ಟೆಯನ್ನು ಮೂಗಿನ ಮುಂದೆ ಹಿಡಿದು ಪೀಡಿಸದೆ, ಬೆಚ್ಚಗಿನ ಹಾಸಿಗೆಯನ್ನೂ ತುಟಿಗೆ ಒಂದಿಷ್ಟು ನೀರನ್ನೂ ಪರಿಚಿತವಾದ ಕೈಯ ಸ್ಪರ್ಶವನ್ನೂ ಕೊಟ್ಟರೆ ಸಾಕು.

ಮನೆಯ ಹಿರಿಯರು ಊಟ ಬೇಡವೆಂದಾಗ "ಏಕೆ? ಏನಾಯಿತು?" ಎಂದು ಕೇಳುತ್ತೇವಲ್ಲದೆ ಸುಮ್ಮನೆ ಎಲೆಯನ್ನು ಎತ್ತಿಬಿಡುವುದಿಲ್ಲ. ಬೆಕ್ಕಿನ ವಿಷಯದಲ್ಲಿಯೂ ಮೊದಲು ಆ ಪ್ರಶ್ನೆಯನ್ನು ಕೇಳಬೇಕೆಂಬುದಿಷ್ಟೇ ನಮ್ಮ ಬಿನ್ನಹ. ವಾಚಕರ ಮನೆಯಲ್ಲಿ ಮುದಿ ಬೆಕ್ಕೊಂದಿದ್ದರೆ ಇಂದು ಸಂಜೆ ಅದರ ಬಾಯನ್ನೊಮ್ಮೆ ಮೆಲ್ಲನೆ ತೆರೆದು ನೋಡಲಿ. ಬೆನ್ನಿನ ಮೇಲೆ ಕೈಯಾಡಿಸಿ ಎಲುಬು ಕೈಗೆ ತಗಲುವುದೋ ಪರೀಕ್ಷಿಸಲಿ. ಅನ್ನ ಬಿಡುವ ಮೊದಲೇ ಸಂಕಟವನ್ನು ಕಂಡುಹಿಡಿದರೆ ಆ ಮೂಕಪ್ರಾಣಿಗೆ ಇನ್ನೂ ಒಂದೆರಡು ಬೇಸಗೆಗಳು ನಮ್ಮ ಅಂಗಳದ ಬಿಸಿಲಿನಲ್ಲಿ ಸುಖವಾಗಿ ಕಳೆಯಬಹುದು.