ವಾಕ್ಯದಿಂದ ವಾಕ್ಯವೃಂದಕ್ಕೆ: ದೂರದ ತರಗತಿಯಲ್ಲಿ ಕನ್ನಡ ಬರವಣಿಗೆಯ ಕಲಿಕೆ

ಮಾತನಾಡಬಲ್ಲವರೆಲ್ಲರೂ ಬರೆಯಬಲ್ಲರೆಂಬುದು ಲೋಕದ ನಂಬಿಕೆ. ಆದರೆ ಮಾತಿಗೂ ಬರಹಕ್ಕೂ ಒಂದು ಮುಖ್ಯವಾದ ಅಂತರವುಂಟು. ಮಾತಿಗೆ ಎದುರಿಗಿರುವವರ ಮುಖವೇ ಆಸರೆ. ಕೇಳುವವರು ಹುಬ್ಬು ಗಂಟಿಕ್ಕಿದರೆ ಹೇಳುವವರು ಮತ್ತೊಮ್ಮೆ ಬಿಡಿಸಿ ಹೇಳುತ್ತಾರೆ. ತಲೆದೂಗಿದರೆ ಮುಂದಕ್ಕೆ ಸಾಗುತ್ತಾರೆ. ಬರಹಕ್ಕೆ ಈ ಭಾಗ್ಯವಿಲ್ಲ. ಅಲ್ಲಿ ಮುಖದ ಕೆಲಸವನ್ನು ವ್ಯಾಕರಣವೂ ವಾಕ್ಯಗಳ ಕ್ರಮವೂ ಮಾಡಬೇಕಾಗುತ್ತದೆ. ಅಂತರ್ಜಾಲದ ತರಗತಿಯಲ್ಲಾದರೋ ಓದುಗನಂತೆಯೇ ಗುರುವೂ ಕಣ್ಮರೆ. ಇಂತಹ ತರಗತಿಯಲ್ಲಿ ಕುಳಿತು ಒಂದು ವಾಕ್ಯವೃಂದವನ್ನು ದೋಷವಿಲ್ಲದೆ ಬರೆಯಲು ಕಲಿಯುವುದು ಹೇಗೆ, ಅದಕ್ಕೆ ಅಡ್ಡಿಯೇನು, ನೆರವೇನು ಎಂಬುದು ವಿಚಾರಯೋಗ್ಯವಾದ ವಿಷಯ.

ದೇಶದ ಮೊದಲ ಕೋವಿಡ್ ಮರಣವೆಂದು 2020ರ ಮಾರ್ಚ್ ತಿಂಗಳಲ್ಲಿ ದಾಖಲಾದುದು ಕಲಬುರಗಿಯ ವೃದ್ಧರೊಬ್ಬರದು. ಅದೇ ತಿಂಗಳಲ್ಲಿ ಶಾಲಾ ಕಾಲೇಜುಗಳ ಬಾಗಿಲು ಮುಚ್ಚಿದವು. ಪಾಠಗಳು ಮೊಬೈಲಿನ ಪರದೆಯ ಮೇಲೆ ಮೂಡತೊಡಗಿದವು. ಬಾಗಿಲು ಮರಳಿ ತೆರೆದರೂ ಆ ಪದ್ಧತಿ ಹೋಗಲಿಲ್ಲ. ಅದಕ್ಕೆ ಮೊದಲೇ, 2017ರಲ್ಲಿ, ಕೇಂದ್ರ ಸರ್ಕಾರವು ‘ಸ್ವಯಂ’ ಎಂಬ ಅಂತರ್ಜಾಲ ಶಿಕ್ಷಣ ವ್ಯವಸ್ಥೆಯನ್ನು ಆರಂಭಿಸಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಾವಳಿಯು ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ಈ ಮಾರ್ಗದಿಂದ ಪಡೆಯಲು ಅವಕಾಶ ಕೊಟ್ಟಿತು. ಇಲ್ಲಿಯ ಪಾಠಕ್ಕೆ ನಾಲ್ಕು ಅಂಗಗಳು: ನೋಡಿ ಕೇಳುವ ಉಪನ್ಯಾಸ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಪರಿಹಾರದ ಚರ್ಚೆ. ಯೋಜನೆ ಸುಸಂಬದ್ಧವಾದುದೇ. ಬರವಣಿಗೆಯ ಪಾಠಕ್ಕೆ ಇದು ಎಷ್ಟರಮಟ್ಟಿಗೆ ಒದಗುತ್ತದೆಂಬುದು ಮಾತ್ರ ಪ್ರಶ್ನೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಮೊದಲು ಹೋಬಳಿಯಾಗಿದ್ದ ಊರು ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಸುತ್ತಮುತ್ತಣ ಹಳ್ಳಿಯಿಂದ ನಗರದ ಕಾಲೇಜಿಗೆ ಸೇರಿದ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆಕೆಯೇ ಮೊದಲಿಗಳು. ಈ ಭಾಗವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಆಡಳಿತದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿದ ಮೇಲೆಯೇ ಕಚೇರಿಯ ಕಾಗದದಲ್ಲಿ ಕನ್ನಡ ನೆಲೆಗೊಂಡಿತು. ಆದುದರಿಂದ ಆಕೆಯ ಅಜ್ಜನಿಗೆ ಕನ್ನಡವು ಬಾಯಿಯ ಭಾಷೆಯಾಗಿತ್ತೇ ಹೊರತು ಬರಹದ ಭಾಷೆಯಾಗಿರಲಿಲ್ಲ. ಆಕೆಗೆ ಬರವಣಿಗೆ ಕಷ್ಟವೆನಿಸಿದರೆ ಅದು ಬುದ್ಧಿಯ ಕೊರತೆಯಲ್ಲ. ಇತಿಹಾಸವು ತಡವಾಗಿ ಕೊಟ್ಟ ಅವಕಾಶದ ಫಲ.

ಆಕೆ ಮನೆಯಲ್ಲಿ “ನಮ್ಮಪ್ಪ ಹೊಲ್ದಾಗ ಕೆಲ್ಸ ಮಾಡ್ಲಾಕತ್ತಾನ” ಎನ್ನುತ್ತಾಳೆ. ಪರದೆಯ ಮೇಲಿನ ಅಧ್ಯಾಪಕರು ಗ್ರಂಥಸ್ಥ ರೂಪವನ್ನು ಮಾತ್ರ ಶುದ್ಧವೆಂದು ಹೇಳಿ ಮುಂದೆ ಹೋದರೆ, ಆಕೆ ತನ್ನ ಮನೆಯ ಮಾತೆಲ್ಲವೂ ತಪ್ಪೆಂದು ಭಾವಿಸಿ ಲೇಖನಿಯನ್ನು ಕೆಳಗಿಡುತ್ತಾಳೆ. ಇದಕ್ಕಿಂತ ದೊಡ್ಡ ನಷ್ಟವಿಲ್ಲ. ವಾಸ್ತವದಲ್ಲಿ ‘ಹೊಲ್ದಾಗ’ ಎಂಬುದು ‘ಹೊಲದ ಒಳಗೆ’ ಎಂಬುದರ ಸಂಕುಚಿತ ರೂಪ. ಹಳಗನ್ನಡದ ಸಪ್ತಮೀ ವಿಭಕ್ತಿ ಪ್ರತ್ಯಯವಾದ ‘ಒಳ್’ ಎಂಬುದರ ನೆಂಟಸ್ತಿಕೆ ಇದಕ್ಕಿದೆ. ‘ಮಾಡ್ಲಾಕತ್ತಾನ’ ಎಂಬುದು ‘ಮಾಡಲಿಕ್ಕೆ ಹತ್ತಿದ್ದಾನೆ’ ಎಂಬುದರಿಂದ ಬಂದುದು. ನಡೆಯುತ್ತಿರುವ ಕ್ರಿಯೆಯನ್ನು ಅದು ಸ್ಪಷ್ಟವಾಗಿ ಸೂಚಿಸುತ್ತದೆ. ಬರಹದಲ್ಲಿ ಇದು “ನಮ್ಮ ತಂದೆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾರೆ” ಎಂದಾಗುತ್ತದೆ. ಸಪ್ತಮಿಗೆ ‘ಅಲ್ಲಿ’, ಕ್ರಿಯೆಗೆ ‘ಉತ್ತಿದ್ದಾರೆ’, ಸಲಿಗೆಯ ಏಕವಚನಕ್ಕೆ ಗೌರವದ ಬಹುವಚನ. ಇಷ್ಟೇ ವ್ಯತ್ಯಾಸ. ಮನೆಯ ಮಾತನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಬರಹದ ರೂಪವನ್ನಿಟ್ಟು ತೋರಿಸಿದರೆ ವ್ಯಾಕರಣವು ದಂಡವಾಗುವುದಿಲ್ಲ, ಸೇತುವೆಯಾಗುತ್ತದೆ.

ಈ ವಿವೇಕ ಈ ನೆಲಕ್ಕೆ ಹೊಸದಲ್ಲ. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಆತನ ರಾಜಧಾನಿ ಮಾನ್ಯಖೇಟವು ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಆ ಗ್ರಂಥದ ಮೊದಲ ಪರಿಚ್ಛೇದವೇ ಬರವಣಿಗೆಯ ದೋಷಾದೋಷಗಳ ವಿವೇಚನೆಗೆ ಮೀಸಲು. ಅದೇ ಗ್ರಂಥವು ಕನ್ನಡದಲ್ಲಿ ಪ್ರದೇಶಭೇದದಿಂದ ಹಲವು ಬಗೆಗಳಿರುವುದನ್ನೂ ಗುರುತಿಸುತ್ತದೆ. ದೋಷವನ್ನು ತಿದ್ದಬೇಕು, ಭೇದವನ್ನು ಗೌರವಿಸಬೇಕು ಎಂಬ ಎರಡು ಪಾಠಗಳೂ ಹೀಗೆ ಒಂದೇ ಮನೆಯಿಂದ ಬಂದವು.

ಇನ್ನೊಂದು ವಿಷಯವನ್ನು ಅಧ್ಯಾಪಕರು ಗಮನಿಸಬೇಕು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಲ್ಲಿ ಶಬ್ದಸ್ವರೂಪವನ್ನು ಸಮಗ್ರವಾಗಿ ನಿರೂಪಿಸುತ್ತದೆ. ವಾಕ್ಯವೃಂದವೆಂಬ ಪ್ರಕರಣ ಅಲ್ಲಿಲ್ಲ. ಇರುವ ಕಾರಣವೂ ಇರಲಿಲ್ಲ. ಓಲೆಗರಿಯ ಬರಹದಲ್ಲಿ ಪದಗಳ ನಡುವೆಯೂ ತೆರಪು ಬಿಡುತ್ತಿರಲಿಲ್ಲ. ಹೊಸ ಸಾಲಿನಿಂದ ಹೊಸ ವಿಚಾರವನ್ನು ಆರಂಭಿಸುವ ರೂಢಿಯೂ ಇಂದಿನ ಲೇಖನಚಿಹ್ನೆಗಳೂ ಕನ್ನಡದಲ್ಲಿ ಬೇರೂರಿದುದು ಹತ್ತೊಂಬತ್ತನೆಯ ಶತಮಾನದ ಮುದ್ರಣದೊಂದಿಗೆ. ಆದುದರಿಂದಲೇ ಲೋಪಾಗಮಾದೇಶ ಸಂಧಿಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯೂ ಹತ್ತು ಸಾಲಿನ ಒಂದು ಕಂಡಿಕೆಯನ್ನು ಬರೆಯಲಾರದೆ ತಡವರಿಸುವುದುಂಟು. ಎರಡೂ ಬೇರೆ ಬೇರೆ ವಿದ್ಯೆಗಳು, ಎರಡನ್ನೂ ಕಲಿಸಬೇಕು.

ವಾಕ್ಯವೃಂದವೆಂದರೆ ವಾಕ್ಯಗಳ ಗುಂಪಲ್ಲ, ಒಂದೇ ವಿಚಾರದ ಸಂಸಾರ. ಕಮಲಾಪುರದ ಕೆಂಪು ಬಾಳೆಯನ್ನು ಕುರಿತು ಬರೆಯಲು ಹೇಳಿದರೆ ಮೊದಲ ಯತ್ನ ಹೀಗಿರಬಹುದು: “ಕಮಲಾಪುರ ಕಲಬುರಗಿ ಜಿಲ್ಲೆಯಲ್ಲಿದೆ. ಇಲ್ಲಿ ಕೆಂಪು ಬಾಳೆಗಳು ರೈತರಿಂದ ಬೆಳೆಯಲ್ಪಡುತ್ತದೆ. ಬಾಳೆಹಣ್ಣು ಆರೋಗ್ಯಕ್ಕೆ ಒಳ್ಳೆಯದು. ಊರಿನಲ್ಲಿ ಜಾತ್ರೆ ಆಗುತ್ತದೆ. ಕೆಂಪು ಬಾಳೆಗೆ ಬೆಲೆ ಹೆಚ್ಚು.” ಇಲ್ಲಿ ವಾಕ್ಯಗಳಿವೆ, ವಿಚಾರವಿಲ್ಲ. ಹೇಳಬೇಕಾದ ಒಂದು ಮಾತನ್ನು ಮೊದಲು ನಿಶ್ಚಯಿಸಿಕೊಂಡರೆ ಅದೇ ಬರಹ ಹೀಗಾಗುತ್ತದೆ: “ಕಮಲಾಪುರದ ಕೆಂಪು ಬಾಳೆಯನ್ನು ಬೆಳೆಯುವುದು ತಾಳ್ಮೆಯ ಕೆಲಸ. ಬೇರೆ ಬಾಳೆಗಿಂತ ಇದು ಫಲ ಕೊಡಲು ಹೆಚ್ಚು ತಿಂಗಳು ಬೇಡುತ್ತದೆ. ಅಷ್ಟು ಕಾಲವೂ ತೋಟಕ್ಕೆ ನೀರು, ಗೊಬ್ಬರ, ಕಾವಲು ತಪ್ಪುವಂತಿಲ್ಲ. ಆದ್ದರಿಂದ ಇದರ ಬೆಲೆ ಕೊಳ್ಳುವವರಿಗೆ ಹೆಚ್ಚೆನಿಸಿದರೂ ಬೆಳೆದವರಿಗೆ ಹೆಚ್ಚಲ್ಲ.” ಮೊದಲ ವಾಕ್ಯ ವಿಚಾರವನ್ನು ಹೇಳಿತು, ನಡುವಿನವು ಅದನ್ನು ಸಮರ್ಥಿಸಿದವು, ಕೊನೆಯದು ಫಲಿತಾರ್ಥವನ್ನು ತಂದಿತು. ‘ಅಷ್ಟು ಕಾಲವೂ’, ‘ಆದ್ದರಿಂದ’ ಎಂಬ ಮಾತುಗಳು ಒಂದು ವಾಕ್ಯದ ಕೈಯನ್ನು ಮುಂದಿನ ವಾಕ್ಯದ ಕೈಗೆ ಕೊಟ್ಟವು. ಜಾತ್ರೆ ಒಳ್ಳೆಯ ವಿಷಯವೇ, ಆದರೆ ಅದಕ್ಕೆ ಬೇರೆ ಕಂಡಿಕೆ ಬೇಕು.

ಮೊದಲ ಯತ್ನದಲ್ಲಿದ್ದ ವ್ಯಾಕರಣದೋಷಗಳೂ ವಿದ್ಯಾರ್ಥಿಗಳಲ್ಲಿ ಪದೇ ಪದೇ ಕಾಣುವಂಥವೇ. ‘ಬಾಳೆಗಳು’ ಎಂಬ ಬಹುವಚನಕ್ಕೆ ‘ಪಡುತ್ತದೆ’ ಎಂಬ ಏಕವಚನದ ಕ್ರಿಯಾಪದ ಸಲ್ಲದು. ‘ಬೆಳೆಯಲ್ಪಡುತ್ತವೆ’ ಎಂದು ತಿದ್ದಿದರೂ ಕರ್ಮಣಿ ಪ್ರಯೋಗದ ಭಾರ ಉಳಿಯುತ್ತದೆ. “ರೈತರು ಕೆಂಪು ಬಾಳೆಯನ್ನು ಬೆಳೆಯುತ್ತಾರೆ” ಎಂಬುದೇ ಕನ್ನಡದ ಸಹಜ ನಡೆ. ‘ಎದ್ದು, ಹೋಗಿ, ನೋಡಿ, ತಂದು’ ಎಂದು ಕ್ರಿಯೆಗಳನ್ನು ಪೋಣಿಸುವಾಗ ಸಾಮಾನ್ಯವಾಗಿ ಅವೆಲ್ಲವುಗಳ ಕರ್ತೃ ಒಂದೇ ಆಗಿರಬೇಕೆಂಬುದನ್ನೂ ನೆನಪಿಡಬೇಕು. “ಬಾವಿ ಬತ್ತಿ ರೈತನು ಪಟ್ಟಣಕ್ಕೆ ಹೋದನು” ಎನ್ನುವುದಕ್ಕಿಂತ “ಬಾವಿ ಬತ್ತಿದುದರಿಂದ ರೈತನು ಪಟ್ಟಣಕ್ಕೆ ಹೋದನು” ಎಂದರೆ ಕಾರ್ಯಕಾರಣ ಸಂಬಂಧ ನಿಚ್ಚಳವಾಗುತ್ತದೆ.

ಮೊಬೈಲು ತಂದೊಡ್ಡಿದ ಹೊಸ ತೊಡಕೊಂದಿದೆ. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದು ಕಳುಹಿಸುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಆ ಲಿಪಿಯ ರೂಢಿಯ ಬರಹದಲ್ಲಿ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ! ಲಕಾರ-ಳಕಾರ, ನಕಾರ-ಣಕಾರ, ಹ್ರಸ್ವ-ದೀರ್ಘಗಳ ಭೇದ ಕಣ್ಣಿನಿಂದ ಮರೆಯಾದರೆ ಕ್ರಮೇಣ ಕೈಯಿಂದಲೂ ಮರೆಯಾಗುತ್ತದೆ. ಕನ್ನಡ ಕೀಲಿಮಣೆಯಾದರೂ ತಾನೇ ಪದಗಳನ್ನು ಮುಂದಿಡುತ್ತದೆ. ಸರಿಯಾದುದನ್ನು ಆರಿಸುವ ಹೊಣೆ ಬರೆಯುವವರದೇ. ಆದುದರಿಂದ ಅಂತರ್ಜಾಲದ ಪಾಠ ಕೇಳಿದ ಮೇಲೆ ಕಾಗದದ ಮೇಲೆ ಕೈಯಿಂದ ಬರೆಯುವುದು ಹಳೆಯ ಹಟವಲ್ಲ, ಅವಶ್ಯವಾದ ಸಾಧನೆ.

ದೂರದ ಪಾಠಕ್ಕೆ ತನ್ನದೇ ಆದ ಗುಣಗಳಿವೆ. ಉಪನ್ಯಾಸವನ್ನು ಹತ್ತು ಸಲ ಕೇಳಬಹುದು. ತರಗತಿಯಲ್ಲಿ ಕೈಯೆತ್ತಲು ನಾಚುವ ಹುಡುಗಿ ರಾತ್ರಿ ಒಂಟಿಯಾಗಿ ಕುಳಿತು ಅರ್ಥವಾಗದ ಭಾಗಕ್ಕೆ ಹಿಂದಿರುಗಬಹುದು. ವಿಭಕ್ತಿ, ವಚನ, ಸಂಧಿಗಳಂತಹ ವಿಷಯಗಳಿಗೆ ಸರಿಯುತ್ತರ ಆರಿಸುವ ಪ್ರಶ್ನೆಗಳು ಚೆನ್ನಾಗಿ ಒದಗುತ್ತವೆ. ಆದರೆ ಕಂಡಿಕೆಗೆ ನಾಲ್ಕು ಉತ್ತರಗಳಲ್ಲಿ ಒಂದು ಸರಿಯೆಂಬ ಲೆಕ್ಕವಿಲ್ಲ. ಬರೆದ ವಿಚಾರ ಓದುವವರಿಗೆ ಮುಟ್ಟಿತೇ, ಎಲ್ಲಿ ಕೊಂಡಿ ಕಳಚಿತು ಎಂಬುದನ್ನು ಒಬ್ಬ ಸಹೃದಯ ಓದುಗನೇ ಹೇಳಬೇಕು. ಯಂತ್ರವು ಕಾಗುಣಿತವನ್ನು ತಿದ್ದೀತು, ಇಡೀ ಕಂಡಿಕೆಯನ್ನೇ ಬರೆದೂ ಕೊಟ್ಟೀತು. ಆದರೆ ಯಂತ್ರ ಬರೆದುದನ್ನು ಒಪ್ಪಿಸಿದ ವಿದ್ಯಾರ್ಥಿಗೆ ಅಂಕ ದೊರೆತರೂ ವಿದ್ಯೆ ದೊರೆಯದು.

ಆದುದರಿಂದ ಕ್ರಮವೊಂದನ್ನು ಸೂಚಿಸಬಹುದು. ವಾರಕ್ಕೊಂದು ಕಂಡಿಕೆ ಸಾಕು. ವಿಷಯವು ವಿದ್ಯಾರ್ಥಿ ಕಣ್ಣಾರೆ ಕಂಡುದಾಗಿರಲಿ: ಹೊಲ, ಸಂತೆ, ಬಸ್ ನಿಲ್ದಾಣ. ಮೊದಲು ಮನೆಯ ಮಾತಿನಲ್ಲಿಯೇ ವಿಚಾರವನ್ನು ಬಾಯಿಬಿಟ್ಟು ಹೇಳಲಿ. ಅನಂತರ ಬರಹದ ಭಾಷೆಯಲ್ಲಿ ಬರೆಯಲಿ. ಬರೆದುದನ್ನು ಗಟ್ಟಿಯಾಗಿ ಓದಲಿ. ಅದರ ಚಿತ್ರ ತೆಗೆದು ಅಧ್ಯಾಪಕರಿಗೆ ಕಳುಹಿಸಲಿ. ಅಧ್ಯಾಪಕರು ಎಲ್ಲ ತಪ್ಪುಗಳನ್ನೂ ಒಮ್ಮೆಗೇ ಕೆಂಪು ಮಾಡದೆ, ಒಂದು ವಾರ ವಿಚಾರದ ಕ್ರಮ, ಮತ್ತೊಂದು ವಾರ ಕ್ರಿಯಾಪದ, ಇನ್ನೊಂದು ವಾರ ವಿಭಕ್ತಿ ಎಂಬಂತೆ ತಿದ್ದಲಿ. ತಿದ್ದಿದ ಕಂಡಿಕೆಯನ್ನು ವಿದ್ಯಾರ್ಥಿ ಮರಳಿ ಬರೆಯುವುದು ಮಾತ್ರ ತಪ್ಪಬಾರದು. ಕಲಿಕೆ ನಡೆಯುವುದು ಆ ಎರಡನೆಯ ಬರಹದಲ್ಲಿ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಸಂಜೆಗೆ ದೀಪವೂ ಸಂಪರ್ಕವೂ ಇರುವ ಒಂದು ಕೊಠಡಿ, ಕೆಲವು ನಿಘಂಟುಗಳು, ವಾರಕ್ಕೆ ಹತ್ತು ಕಂಡಿಕೆಗಳನ್ನು ತಾಳ್ಮೆಯಿಂದ ಓದಬಲ್ಲ ಒಬ್ಬ ನಿವೃತ್ತ ಅಧ್ಯಾಪಕ ಅಥವಾ ಹಳೆಯ ವಿದ್ಯಾರ್ಥಿ ಇದ್ದರೆ ಕಮಲಾಪುರದಂತಹ ಊರಿನಲ್ಲಿಯೂ ದೂರದ ಪಾಠ ಹತ್ತಿರದ ಪಾಠವಾಗುತ್ತದೆ. ಧನದಾನಕ್ಕಿಂತ ಈ ಓದಿನ ದಾನ ಕಡಿಮೆಯದಲ್ಲ. ನಾಳೆ ಅರ್ಜಿ ಬರೆಯಬೇಕಾದವರು, ತೀರ್ಪನ್ನು ಓದಬೇಕಾದವರು, ಊರಿನ ಅಹವಾಲನ್ನು ಕಾಗದಕ್ಕಿಳಿಸಬೇಕಾದವರು ಇಂದಿನ ಈ ಮಕ್ಕಳೇ. ತನ್ನ ವಿಚಾರವನ್ನು ತಾನೇ ಹತ್ತು ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಬಲ್ಲವಳು ಬರಹಕ್ಕಾಗಿ ಮತ್ತೊಬ್ಬರ ಬಾಗಿಲಲ್ಲಿ ನಿಲ್ಲಬೇಕಾಗುವುದಿಲ್ಲ.